ಮರಕ್ಕೆ ಹೇಳಿದ ಸುಳ್ಳು

ಗಾಳಿಬೀಡಿನಲ್ಲಿ ಹಿಮ ಬೀಳುವುದಿಲ್ಲ.
ಬೀಳುವುದು ಇಬ್ಬನಿ, ಕಾಫಿ ಹೂವು,
ಆಗಾಗ ಕರೆಂಟು ಕಂಬ.
ಆದರೂ ಪಳಂಗಪ್ಪ ಮಾವ
ಕಿತ್ತಳೆ ಸತ್ತ ಇಳಿಜಾರಿನಲ್ಲಿ
ಏಳು ಸೇಬಿನ ಗಿಡ ನೆಟ್ಟರು.

ಸೇಬಿಗೆ ನಿದ್ದೆ ಬೇಕು, ನಿದ್ದೆಗೆ ಚಳಿ ಬೇಕು.
ನಮ್ಮ ಚಳಿಯೋ, ಒಂದು ಕಂಬಳಿಗೆ ಹೆದರಿ ಓಡುವಂಥದು.
ಹಾಗಾಗಿ ಡಿಸೆಂಬರಿನಲ್ಲಿ ಏಣಿ ಹಾಕಿ
ಒಂದೊಂದೇ ಎಲೆ ಕಿತ್ತು ಬೋಳು ಮಾಡುತ್ತೇವೆ,
ಮರ ತನ್ನ ಮೈ ತಾನೇ ನೋಡಿಕೊಂಡು
ಚಳಿಗಾಲ ಬಂತೆಂದು ನಂಬಲಿ ಎಂದು.

‘ಬಾಯಿಲ್ಲದ್ದಕ್ಕೆ ಸುಳ್ಳು ಹೇಳಬಾರದು’
ದೇಚವ್ವ ಏಣಿ ಹಿಡಿಯಲು ಬರಲೇ ಇಲ್ಲ.

ಮರ ನಂಬಿತು.
ಬರೀ ಕಡ್ಡಿಗೆ ನಸುಗೆಂಪು ಹೂ.
ಮೇ ಕೊನೆಗೆ ಹಣ್ಣು, ಮುಷ್ಟಿಯಲ್ಲಿ ಅಡಗುವಷ್ಟು,
ಒಂದು ಕೆನ್ನೆ ಕೆಂಪು, ಇನ್ನೊಂದು ಕೆನ್ನೆ ಮುನಿಸು.
ಮಡಿಕೇರಿಯ ಹಣ್ಣಿನಂಗಡಿ ಅಬೂಬಕರ್
ಕಚ್ಚಿ, ಒಂದು ಕಣ್ಣು ಮುಚ್ಚಿ,
‘ಉಪ್ಪಿನಕಾಯಿ ಹಾಕಿ’ ಅಂದ.

ಒನಕೆಯಲ್ಲಿ ಜಜ್ಜಿ,
ನೂಲ್‌ಪುಟ್ಟು ಒತ್ತುವ ಮರದ ಒರಳಿಗೆ ತುಂಬಿ
ಹಿಡಿ ಹಿಡಿಯಾಗಿ ಹಿಂಡಿದೆವು.
ಮೂರು ದಿನ ಅಡುಗೆಮನೆಯಲ್ಲಿ ಜೇನ್ನೊಣಗಳದ್ದೇ ದರ್ಬಾರು.
ಸಕ್ಕರೆ ಹಾಕಲಿಲ್ಲ, ಹುಳಿ ಬರಿಸಲು ಏನೂ ಬೆರೆಸಲಿಲ್ಲ;
ಸಿಪ್ಪೆಯ ಮೇಲಿನ ಬೂದಿಯಂಥ ಮಸುಕು,
ಅದಕ್ಕೆ ಕೆಲಸ ಗೊತ್ತು.
ಅಜ್ಜಿಯ ಕಿತ್ತಳೆ ವೈನಿನ ಭರಣಿ,
ಅದರ ಬಾಯಿಗೆ ಮಾವನ ಹಳೇ ಪಂಚೆಯ ತುಂಡು.

ಹೊರಗೆ ಜೂನ್ ಸುರಿಯಿತು.
ಒಳಗೆ ಭರಣಿ ಮಾತಾಡಿತು,
ನಿದ್ದೆಯಲ್ಲಿ ಯಾರೋ ಸಾಲದ ಲೆಕ್ಕ ಹೇಳಿಕೊಂಡ ಹಾಗೆ.
ದೇಚವ್ವ ದಿನಕ್ಕೊಮ್ಮೆ ಕಿವಿಯಿಟ್ಟು
‘ಇನ್ನೂ ಸಿಟ್ಟಿದೆ’ ಎನ್ನುವರು.
ಆಗಸ್ಟಿನ ಒಂದು ಬೆಳಿಗ್ಗೆ ಏನೂ ಅನ್ನಲಿಲ್ಲ,
ಲೋಟ ತಂದರು.

ಕೈಲ್‌ಪೊಳ್ದಿನ ದಿನ, ಕೋವಿಗೆ ತೋಕ್‌ಪೂ ಸಿಕ್ಕಿಸಿ
ಗುರುಕಾರೋಣರಿಗೆ ಮೀದಿ ಇಡುವಾಗ
ಮಾವನಿಗೇ ಅನುಮಾನ:
ಬ್ರಾಂದಿ ಬಲ್ಲ ಹಿರಿಯರು,
ಇದನ್ನು ಕಂಡು ಏನೆಂದುಕೊಂಡಾರು?
ದೇಚವ್ವ ಉತ್ತರ ಕೊಡದೆ
ನೆಲ್ಲಕ್ಕಿಯ ದೀಪದ ಬಳಿ ಲೋಟ ಇಟ್ಟರು.
ಒಣಹುಲ್ಲಿನ ಬಣ್ಣ.
ಅದರೊಳಗೂ ಒಂದು ದೀಪ, ಕಿರುಬೆರಳಷ್ಟು.

ಆಮೇಲೆ ನಾವು ಕುಡಿದೆವು.
ಮೊದಲು ಹುಳಿ. ಮತ್ತೆ ಸ್ವಲ್ಪ ಒಗರು.
ಎಲ್ಲ ಇಳಿದ ಮೇಲೆ ಗಂಟಲ ಹಿಂದೆ ಎಲ್ಲೋ
ನಮ್ಮಲ್ಲಿ ಯಾರೂ ಕಂಡಿರದ ಒಂದು ಚಳಿ.

ಈ ಡಿಸೆಂಬರಿನಲ್ಲಿ
ಏಣಿಯ ಮೇಲೆ ದೇಚವ್ವನೇ.
ಕೆಳಗೆ ಹಿಡಿದು ನಿಂತ ನನಗೆ ಕೇಳಿಸುತ್ತದೆ,
ಒಂದೊಂದು ಕೊಂಬೆಗೂ ತಗ್ಗಿದ ದನಿಯಲ್ಲಿ:
‘ಚಳಿ ಬಂದಿಲ್ಲ ಮಗಾ, ಕಿತ್ತದ್ದು ನಾನೇ.
ಆದರೂ ಸ್ವಲ್ಪ ಮಲಗು.’

ಏಳರಲ್ಲಿ ಆರು ಮಲಗಿದವು.
ಕೆಂದಳಿಲು ಗೂಡು ಕಟ್ಟಿದ ಆ ಕೊನೆಯದು
ಇನ್ನೂ ಯೋಚಿಸುತ್ತಿದೆ.