ಮುಕ್ಕಾಲು ಕುದುರೆ

ಹರಾಜಿನಲ್ಲಿ ಎಲ್ಲರೂ ಟ್ರ್ಯಾಕ್ಟರನ್ನು ಮುತ್ತಿಕೊಂಡಿದ್ದಾಗ
ಹನ್ನೆರಡು ಡಾಲರಿಗೆ ನಾನು ಕೊಂಡದ್ದು
ಬಟ್ಟೆ ಒಗೆಯುವ ಯಂತ್ರದ ಹೊಟ್ಟೆಯಲ್ಲಿದ್ದ ಎಂಜಿನ್ನು.
ತೊಟ್ಟಿ ಬೇಡ, ಹಿಂಡುವ ರೋಲರೂ ಬೇಡ ಅಂದೆ.
ಹರಾಜಿನವ ಕೇಳಲಿಲ್ಲ, ಎಲ್ಲ ನನ್ನ ಗಾಡಿಗೇ ಹೇರಿದ.

ಸಸ್ಕ್ಯಾಚೆವಾನಿನ ಈ ಬಯಲಿಗೆ
ಕರೆಂಟಿನ ತಂತಿಗಿಂತ ಮೊದಲು ಬಂದದ್ದು ಅದು.
ಪಾದದಲ್ಲಿ ಒದ್ದರೆ ಹೊತ್ತಿಕೊಳ್ಳುವ
ಒಂಟಿ ಸಿಲಿಂಡರಿನ ಮುಂಗೋಪಿ.
ಹೊಗೆಗೊಂದು ಉದ್ದ ಕೊಳವೆ, ಕಿಟಕಿಯಾಚೆಗೆ.
ಸೋಮವಾರ ಬಂತೆಂದರೆ ಯಾರದೋ ಅಡುಗೆಮನೆಯ ನೆಲ ನಡುಗಿಸುತ್ತ
ಇಪ್ಪತ್ತು ವರ್ಷ ಓಡಿತ್ತು,
ಒಂದಂಗುಲ ಮುಂದೆ ಹೋಗದೆ.
ಗಾಣದೆತ್ತಾದರೂ ಸುತ್ತು ಬರುತ್ತದೆ.

ಚಳಿಗಾಲವಿಡೀ ಶಾಲೆಯ ಬಸ್ಸು ಓಡಿಸಿ ಬಂದು
ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ
ನಿಜದ ಅಳತೆಗೇ ಸೈಕಲ್ಲು ಬರೆದೆ.
ಮರದ ಹಲಗೆಯ ಟ್ರ್ಯಾಕಿನಲ್ಲಿ
ಬ್ರೇಕಿಲ್ಲದೆ ಹಾರುತ್ತಿದ್ದವರ ಕಾಲದ ಮೈಕಟ್ಟು:
ನೀಳ ಬೆನ್ನು, ನೆಲ ನೋಡುವ ಹ್ಯಾಂಡಲ್ಲು, ಕೆನೆಬಣ್ಣದ ಟಯರು.
ರಟ್ಟಿನ ಎಂಜಿನ್ನು ಕತ್ತರಿಸಿ
ಅಲ್ಲಿಟ್ಟೆ, ಇಲ್ಲಿಟ್ಟೆ;
ಇಲ್ಲಿ ಮೊಣಕಾಲು ಸುಡುತ್ತದೆ,
ಅಲ್ಲಿ ಪೆಡಲು ಫ್ಲೈವೀಲಿಗೆ ಹಾಯುತ್ತದೆ.
ಒಂದು ರಾತ್ರಿ ಬೆಕ್ಕು ಹೊರಳಾಡಿ
ಹಿಂದಿನ ಚಕ್ರ ಅಳಿಸಿಹಾಕಿತು.
ಬೈದುಕೊಂಡು ಮತ್ತೆ ಬರೆದೆ, ಎರಡಂಗುಲ ಹಿಂದೆ ಸರಿಯಿತು,
ಎಲ್ಲ ಕೂತಿತು.
ಬೆಕ್ಕಿಗೆ ಇದನ್ನು ತಿಳಿಸಿಲ್ಲ.

ಬೆಸುಗೆಗೆ ಬಂದ ಒರೆಸ್ಟ್ ಪಾಂಕಿವ್
ಕನ್ನಡಕ ಹಣೆಗೇರಿಸಿ ಕೇಳಿದ:
ಬಲ ಎಷ್ಟು?
ಮುಕ್ಕಾಲು ಕುದುರೆ.
ಹಾಗಾದರೆ ಇನ್ನೊಂದು ಕಾಲು ಎಲ್ಲಿ ಬಿಟ್ಟೆ?
ತನ್ನ ಮಾತಿಗೆ ತಾನೇ ನಕ್ಕು
ಪೇಪರು ಹಂಚುವ ಹುಡುಗರ ಹಳೇ ಚೌಕಟ್ಟನ್ನು
ಮಧ್ಯಕ್ಕೆ ಕೊಯ್ದ.
ಆಮೇಲೆ ಮೂರು ಭಾನುವಾರ ನಗಲಿಲ್ಲ.

ತಾಮ್ರದ ಹಾಳೆ ಬಗ್ಗಿಸಿ ಟ್ಯಾಂಕು ಮಾಡಿದೆ,
ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಣಿಸಿದೆ.
ಏಳು ತೂತು. ಏಳನ್ನೂ ಮುಚ್ಚಿದರೆ ಎಂಟನೆಯದು
ಇಷ್ಟು ದಿನ ಎಲ್ಲಿತ್ತೋ.
ಕುದುರೆಯ ಹಳೇ ಜೀನಿನಿಂದ ಸೀಟು.
ಬೇಡವೆಂದಿದ್ದ ರೋಲರಿನ ತುಂಡೇ ಕೊನೆಗೆ
ಬೆಲ್ಟನ್ನು ಬಿಗಿ ಹಿಡಿಯುವ ರಾಟೆಯಾಯಿತು.
ಹಿಂಡುವ ಚಾಳಿ ಅದಕ್ಕೆ ಮೊದಲೇ ಇತ್ತಲ್ಲ.

ಏಪ್ರಿಲ್ಲು. ಚರಂಡಿಯಂಚಿನಲ್ಲಿ ಕೊಳೆ ಹಿಮ.
ಹತ್ತು ಸಲ ಒದ್ದೆ. ಹನ್ನೊಂದನೆಯದಕ್ಕೆ
ತಪ್.
ತಪ್ ತಪ್.
ತಪ್ಪತಪ್ಪತಪ್ಪ ಎಂದು ಹಲ್ಲು ಕಡಿಯುತ್ತ ಹೊರಟಿತು
ತನ್ನ ಜನ್ಮದ ಮೊದಲ ಮೈಲಿಗೆ.
ಇಲ್ಲಿ ಗುಡ್ಡಗಳಿಲ್ಲ, ಗಾಳಿಯೇ ಗುಡ್ಡ.
ಎದುರಿಗೆ ಸಿಕ್ಕಾಗ ಪೆಡಲು ತುಳಿದು ಹತ್ತಿಸಬೇಕು.
ದಿಗಂತದಲ್ಲಿ ಗೋಧಿಯ ಕಣಜ
ಎಷ್ಟು ಹೋದರೂ ಅಷ್ಟೇ ದೂರ.

ಕಬಾಟಫರ ಮನೆಯೆದುರು ಕೆಮ್ಮತೊಡಗಿತು.
ಕಪ್ಪು ಹೊಗೆ, ನಡುಕ, ನಿಲ್ಲಲೋ ಹೋಗಲೋ ಎಂಬಂತೆ.
ಬಿಸಿಲಿಗೆ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದ
ಮುದುಕಿ ಫೆದೋಸ್ಯಾ ಚಾಕು ಕೆಳಗಿಟ್ಟಳು.
ಇವತ್ತು ಸೋಮವಾರವೇನು?
ಗುರುವಾರ ಅಂದೆ.
ಅವಳಿಗೆ ಕೇಳಿಸಿತೋ ಇಲ್ಲವೋ.
ಉಣ್ಣೆಯ ಚಪ್ಪಲಿಯ ಬಲಪಾದ
ಹಲಗೆಯನ್ನು ಒಮ್ಮೆ ಒತ್ತಿತು, ಇನ್ನೊಮ್ಮೆ.
ತೋಳು ಮಡಿಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದು
ಸೈಕಲ್ಲಿನ ಚಂದವನ್ನು, ತಾಮ್ರದ ಟ್ಯಾಂಕನ್ನು,
ನನ್ನ ಚರ್ಮದ ಟೊಪ್ಪಿಯನ್ನು
ನೋಡಲೇ ಇಲ್ಲ.
ಕಿವಿ ಓರೆ ಮಾಡಿ ನಿಂತು ಹೇಳಿದಳು:
ಜಾಸ್ತಿ ಕುಡಿಯುತ್ತಿದೆ. ಆ ಸೂಜಿ ಇದೆಯಲ್ಲ,
ಅದನ್ನು ಕಾಲು ಸುತ್ತು ಮುಚ್ಚು.

ಮುಚ್ಚಿದೆ. ಕೆಮ್ಮು ಹೋಯಿತು.

ಮನೆಗೆ ಹೋಗಿ ಮೊದಲು ಒರೆಸ್ಟನಿಗೆ ಹೇಳಬೇಕು,
ಆ ಇನ್ನೊಂದು ಕಾಲು
ಎಲ್ಲಿತ್ತೆಂದು.