ಮೂಗಿಗಿಂತ ಭಾರ

ಹೈದರಾಬಾದಿನಿಂದ ಬಂದ ಬೆಲೆ ಕಟ್ಟುವವ
ಬೂಟು ಬಿಚ್ಚಿಟ್ಟು ಕಾರಿನ ಕೆಳಗೆ ತೂರಿದ.
ಹೆರಿಗೆ ಕೋಣೆಯ ಹೊರಗೆ ಕಾಯುವವರಂತೆ
ನಾವು ಮೂವರು ನಿಂತೆವು:
ಧಣಿಯ ಮಗಳು ಸುಂಕಮ್ಮ, ಅವಳ ಡ್ರೈವರು ನಾಗೇಂದ್ರ,
ಕೌಲ್ ಬಜಾರಿನ ಡೆಂಟರು ನಾನು, ಚಮನ್‌ಸಾಬ.

ಹೊಸಪೇಟೆ ರಸ್ತೆಯ ಗೋಡೌನು. ತಗಡಿನಡಿ ಮಧ್ಯಾಹ್ನ
ಮಿರ್ಚಿ ಕರಿಯುವ ಬಾಣಲೆ.
ಬಾನೆಟ್ಟಿನ ತುಂಬ ಅದಿರಿನ ಕೆಂಪು ದೂಳು;
ಯಾವನೋ ಹುಡುಗ ಬೆರಳಲ್ಲಿ ಬರೆದಿದ್ದಾನೆ: 'ತೊಳೀರಿ'.

ಎರಡೇ ಬಾಗಿಲು, ಎಂಟು ಸಿಲಿಂಡರು,
ಹಾಯಲು ನಿಂತ ಹೋರಿಯ ಹಾಗೆ
ಹಿಂದೆ ಎತ್ತರ, ಮುಂದೆ ತಗ್ಗು.
ಮದರಾಸು ಬಂದರಿನಿಂದ ಎರ್ರಿಸ್ವಾಮಿ ಧಣಿ ತಂದ ದಿನ
ಸುಧಾ ಕ್ರಾಸಿನಲ್ಲಿ ರೈಲು ಹೋಗಿ ಗೇಟು ತೆರೆದರೂ
ಜನ ದಾಟಲಿಲ್ಲ, ನೋಡುತ್ತ ನಿಂತರು.
ಬಣ್ಣ ಮಾತ್ರ ಯಾರಿಗೂ ಸೇರಲಿಲ್ಲ,
ಬದನೆಕಾಯಿಗೂ ಬಾಸುಂಡೆಗೂ ನಡುವಿನದು.
ನನಗಾಗ ಇಪ್ಪತ್ತೆರಡು. ಧಣಿ ಕರೆಸಿ ಅಂದ:
"ಬಿಳಿ ಹೊಡಿ. ಮಂತ್ರಿ ಗಾಡಿ ಇದ್ದಂಗ ಇರ್ಬೇಕು.
ಆ ಮೂಗು ತೆಗಿ, ಮಳಿ ನೀರು ಹೊಕ್ಕಂತೈತೆ."
ಮೂಗು ಅಂದರೆ ಬಾನೆಟ್ಟಿನ ನಡುವೆ ಉಬ್ಬಿದ ಗಾಳಿಬಾಯಿ.
ಬಳ್ಳಾರಿಯಲ್ಲಿ ಮಳೆ!
ನಕ್ಕೆ. ಕೊಯ್ದೆ.

ಕೊಯ್ದ ಕಡೆ ತಗಡು ಕೂರಿಸಿ, ಸೀಸ ಕರಗಿಸಿ,
ಎಣ್ಣೆ ಹಚ್ಚಿದ ಕಟ್ಟಿಗೆಯಿಂದ ಸವರಿ
ಹನ್ನೊಂದು ದಿನ ತಡವಿ ತಡವಿ ನೋಡಿದೆ.
ಕಣ್ಣು ಸುಳ್ಳು ಹೇಳುತ್ತದೆ, ಅಂಗೈ ಹೇಳುವುದಿಲ್ಲ,
ಅದು ಉಸ್ತಾದರ ಪಾಠ.
ಧಣಿ ಮೇಲೆ ನೂರು ರೂಪಾಯಿ ಕೊಟ್ಟ.
ಅದರಲ್ಲಿ ಗೌಸ್‌ಬೀಗೆ ಮೂಗುತಿ ಮಾಡಿಸಿದೆ,
ಒಂದೂವರೆ ಗುಂಜಿ, ಕೆಂಪು ಹರಳು.

ಬೆಲೆ ಕಟ್ಟುವವ ಹೊರಬಂದ, ಬೆನ್ನೆಲ್ಲ ಕೆಂಪು.
ಬಾಗಿಲ ಸಂದಿಯಲ್ಲಿ ಉಗುರಿನಷ್ಟು ಬಿಳಿ ಕೆರೆದು
ಒಳಗಿನ ಬದನೆ ತೋರಿಸಿದ:
"ನಲವತ್ತೇ ಗಾಡಿಗೆ ಹೊಡೆದ ಬಣ್ಣ ಇದು."
ಯಾಕೆ ನಲವತ್ತೇ, ಕೇಳಿದಳು ಸುಂಕಮ್ಮ.
"ಯಾರೂ ಕೊಳ್ಳಲಿಲ್ಲ, ಅದಕ್ಕೆ.
ಆಗ ಬೇಡವಾಗಿದ್ದು, ಈಗ ಬೇಕೆಂದರೆ ಸಿಗದು."

ನಮ್ಮೂರಲ್ಲಿ ಬೆಲೆ ಅಂದರೆ ಟನ್ನು.
ಹೆಚ್ಚು ಅಗೆದವ ದೊಡ್ಡವ, ಹೆಚ್ಚು ಲಾರಿ ಇದ್ದವ ಇನ್ನೂ ದೊಡ್ಡವ.
ಇಲ್ಲದ್ದಕ್ಕೆ ದುಡ್ಡು ಅನ್ನುವ ಲೆಕ್ಕ
ನನ್ನ ತಲೆಗೆ ಹತ್ತಲು ಹೊತ್ತು ಹಿಡಿಯಿತು.

ಆಮೇಲೆ ಅವನು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದ,
ನನ್ನ ಹಾಗೆಯೇ, ಕಣ್ಣು ಮುಚ್ಚಿ.
ಅಯಸ್ಕಾಂತ ಇಟ್ಟ. ಸೀಸಕ್ಕೆ ಅಂಟದೆ
ಅದು ಜಾರಿ ನನ್ನ ಕಾಲ ಬಳಿ ಬಿತ್ತು.
"ಅಬ್ಬಾ, ಏನು ಕೈ! ಇಷ್ಟು ನುಣುಪು ಎಲ್ಲೂ ಕಂಡಿಲ್ಲ.
ಇದನ್ನು ಮಾಡಿದವನು ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದಾನೆ."
ಎರಡೂ ಮಾತು ಒಂದೇ ಉಸಿರಿನಲ್ಲಿ.
ಯಾವುದಕ್ಕೆ ತಲೆ ಬಾಗಿಸಲಿ?
ಟೋಪಿ ಸರಿಮಾಡಿಕೊಂಡೆ.

"ಆ ಮೂಗು ಸಿಕ್ಕರೆ," ಅಂದು, ಒಂದು ಅಂಕಿ ಹೇಳಿದ.
ನಾಗೇಂದ್ರ ಬೆರಳು ಮಡಚಿ ಸೊನ್ನೆ ಎಣಿಸಿದ.
ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ;
ಇಲ್ಲಿ ಮುಖಕ್ಕಿಂತ ಮೂಗೇ ಭಾರ.
ಸುಂಕಮ್ಮ ತಿರುಗಿದಳು: "ಎಲ್ಲಿ ಒಗದ್ರಿ, ಚಮನ್‌ಸಾಬ್?"

ಒಗೆದಿಲ್ಲ ತಾಯಿ. ಬಿಳಿ ಹೊಡೆಯುವ ಮೊದಲೇ ಕೊಯ್ದದ್ದು,
ನಲವತ್ತೆಂಟು ವರ್ಷದಿಂದ ನನ್ನ ಹಿತ್ತಲಲ್ಲಿ ಬೋರಲು ಬಿದ್ದಿದೆ,
ಒಳಮೈಯ ಬಣ್ಣ ಹಾಗೇ ಇದೆ.
ಅದರ ಬಾಯಿಗೆ ಹುಲ್ಲು ತುರುಕಿ
ಗೌಸ್‌ಬೀ ಕೋಳಿ ಕಾವಿಗೆ ಕೂರಿಸುತ್ತಾಳೆ.
ಈಗಲೂ ಒಂದು ಹೇಂಟೆ ಕೂತಿದೆ, ಸಿಟ್ಟಿನದು,
ಹನ್ನೊಂದು ಮೊಟ್ಟೆ.

"ಇದೆ," ಅಂದೆ. "ಒಂಬತ್ತು ದಿನ ತಡೆಯಬೇಕು."
ಯಾಕೆಂದು ಕೇಳಿದ. ಹೇಳಿದೆ.
ನಾಗೇಂದ್ರ ನಕ್ಕ. ಅವನು ನಗಲಿಲ್ಲ.
ಜೇಬಿನಿಂದ ಪುಸ್ತಕ ತೆಗೆದು
ತಾರೀಖು ಬರೆದುಕೊಂಡ.