ಹದಿನೆಂಟು ಫೋರ್ಕು

ಇಲ್ಲಿನ ಅಳಿಲಿಗೆ ಬೆನ್ನ ಮೇಲೆ ಗೆರೆಯಿಲ್ಲ.
ಯಾವ ದೇವರೂ ನೇವರಿಸಿಲ್ಲ ಅದನ್ನು.
ಟೊರಾಂಟೊದ ಡಫರಿನ್ ಬೀದಿಯ ಹಿಂದಣ ಓಣಿಯಲ್ಲಿ
ಇದ್ದಿಲಿನಷ್ಟು ಕಪ್ಪು, ಬೆಕ್ಕಿನ ಮರಿಯಷ್ಟು ದಪ್ಪ,
ಬೆಳಿಗ್ಗೆ ಏಳಕ್ಕೆ ತಂತಿಯ ಮೇಲೆ ನಡೆದು ಬರುತ್ತದೆ
ಪಾಳಿಗೆ ಹೊರಟವನ ಹಾಗೆ.

ದಿಯೊಲಿಂಡಾ ಅಕ್ಟೋಬರಿನಲ್ಲಿ ನೆಟ್ಟದ್ದು
ಒಂಬತ್ತು ಕುಂಡ, ನಲವತ್ತು ಟ್ಯುಲಿಪ್ ಗೆಡ್ಡೆ.
ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ,
ಕೈ ತೊಳೆದು ಕಿಟಕಿಗೆ ಬರುವಷ್ಟರಲ್ಲಿ
ಮೂರು ಕುಂಡ ಬಾಯಿ ಬಿಟ್ಟಿದ್ದವು.
ಒಂದು ಗೆಡ್ಡೆಯನ್ನು ಒಂದೇ ಸಲ ಕಚ್ಚಿ, ರುಚಿಸದೆ,
ಮೆಟ್ಟಿಲ ಮೇಲೆ ಬಿಸಾಡಿತ್ತು.
ತಿಂದಿದ್ದರೆ ಕ್ಷಮಿಸುತ್ತಿದ್ದೆ, ಎಂದಳು.
ಎಂಜಲು ಮಾಡಿ ಎಸೆದದ್ದಕ್ಕೆ ಕ್ಷಮೆಯಿಲ್ಲ.

ಮೊದಲು ಖಾರದಪುಡಿ.
ಗಾಳಿ ತಿರುಗಿತು; ಅವಳೇ ಸೀನಿ ಸೀನಿ
ಅರ್ಧ ದಿನ ಕಣ್ಣಿಗೆ ಒದ್ದೆ ಬಟ್ಟೆ.
ಆಮೇಲೆ ಕ್ಷೌರದಂಗಡಿಯ ಜೆಫೆರಿನೊ ಕೊಟ್ಟ
ಒಂದು ಚೀಲ ಕೂದಲು.
ಮನುಷ್ಯರ ವಾಸನೆಗೆ ಹೆದರುತ್ತವಂತೆ.
ಮನುಷ್ಯರ ನಡುವೆಯೇ ಹುಟ್ಟಿದ್ದಕ್ಕೆ ಎಂಥ ಹೆದರಿಕೆ?
ಬಾಯಿತುಂಬ ಕಚ್ಚಿಕೊಂಡು ಹೋಗಿ
ಮೇಪಲ್ ಮರದ ಗೂಡಿಗೆ ಹಾಸಿಕೊಂಡಿತು.
ಬೀದಿಯ ಅರ್ಧ ಗಂಡಸರ ತಲೆ
ಈಗ ಆ ಕೊಂಬೆಯ ಮೇಲೆ ಬೆಚ್ಚಗಿದೆ.

ತಂತಿ ಬಲೆ ಹೆಣೆಯುತ್ತೇನೆ, ಎಂದ ಗಂಡ ಅಬಿಲಿಯೊ,
ಮೂವತ್ತು ವರ್ಷ ಕಾಂಕ್ರೀಟು ಸುರಿದವನು,
ಸರಳು ಕಟ್ಟುವ ಕೈ ಇನ್ನೂ ಇದೆಯೆಂದು ತೋರಿಸುವ ಆಸೆ.
ಬೇಡ, ಎಂದಳು. ಜೈಲಿನ ಹೂವು ನನಗೆ ಬೇಡ.

ಒಳಗೆ ಹೋಗಿ
ಮದುವೆಗೆ ಅತ್ತೆ ಕೊಟ್ಟ ಪೆಟ್ಟಿಗೆ ತೆರೆದಳು:
ಹದಿನೆಂಟು ಫೋರ್ಕು, ಹಿಡಿಯಲ್ಲಿ ಚಿಪ್ಪಿನ ಕೆತ್ತನೆ,
ದ್ವೀಪದಿಂದ ಹಡಗಿನಲ್ಲಿ ಬಂದದ್ದು,
ವರ್ಷಕ್ಕೊಮ್ಮೆ ಬೆಳಕು ಕಾಣುವಂಥದ್ದು.
ಹಿಡಿ ಕೆಳಗೆ, ಹಲ್ಲು ಮೇಲೆ,
ಕುಂಡಕ್ಕೆ ಎರಡರಂತೆ ನೆಟ್ಟಳು.
ಅಬಿಲಿಯೊ ಸುಮ್ಮನಿದ್ದ.
ಅವಳಿಗೂ ಅವನ ತಾಯಿಗೂ ಹಳೆಯ ಬಾಕಿಯೊಂದಿತ್ತು.

ಅಳಿಲು ಬಂತು. ಮೂಗು ಚಾಚಿತು. ಹಿಂದೆ ಸರಿಯಿತು.
ಆ ಕಡೆಯಿಂದ ಬಂದು ಮತ್ತೆ ಮೂಗು ಚಾಚಿತು.
ಅಂದು ಸಂಜೆ ದಿಯೊಲಿಂಡಾ
ಒಂದು ಲೋಟ ವೈನು ಹೆಚ್ಚೇ ಕುಡಿದಳು.

ಡಿಸೆಂಬರ್ ಇಪ್ಪತ್ತನಾಲ್ಕು. ಮಕ್ಕಳಿಗೆ ಹಸಿವೆಂದು
ನಾಲ್ಕು ಗಂಟೆಗೇ ಊಟ.
ಮಗಳು ಗ್ರಾಸಾ, ಅಳಿಯ, ಅವನ ತಾಯಿ ಸುಮಿಂತ್ರಾ,
ಆರು ಮೊಮ್ಮಕ್ಕಳು ಅಲ್ಲ, ಐದು; ಒಂದು ಪಕ್ಕದ ಮನೆಯದು.
ಮೇಲಿನ ಮಹಡಿಯ ಒಂಟಿ ದರ್ಜಿಯೂ ಬಂದಿದ್ದ.
ಆಲೂಗಡ್ಡೆ, ಎಲೆಕೋಸು,
ಎರಡು ದಿನ ನೆನೆಸಿ ಉಪ್ಪು ಬಿಡಿಸಿದ ಮೀನು.
ಪೆಟ್ಟಿಗೆ ತೆರೆದರೆ ನೀಲಿ ಮಖಮಲ್ಲಿನಲ್ಲಿ
ಹದಿನೆಂಟು ಖಾಲಿ ಗುಳಿ.

ಹಿತ್ತಿಲಲ್ಲಿ ಹಿಮ. ಅದರಿಂದ ತುಸುವೇ ಇಣುಕಿದ ಹಲ್ಲು.
ಅಬಿಲಿಯೊ ಹಿಡಿದೆಳೆದ; ಮಣ್ಣು ಕಲ್ಲಾಗಿತ್ತು,
ಫೋರ್ಕಿನ ಜೊತೆ ಕುಂಡವೇ ಎದ್ದು ಬಂತು.
ಬಿಸಿನೀರು ಸುರಿಯೋಣ, ಎಂದ ಅಳಿಯ, ಕೆಟಲು ಹಿಡಿದು.
ದಿಯೊಲಿಂಡಾ ಬಾಗಿಲಿಗೆ ಅಡ್ಡ ನಿಂತಳು.
ಗೆಡ್ಡೆ ಬೆಂದುಹೋಗುತ್ತದೆ.
ದಿನಬಳಕೆಯವು ನಾಲ್ಕಿವೆಯಲ್ಲ, ಎಂದಳು ಗ್ರಾಸಾ.
ನಾಲ್ವರು ತಿಂದು ಉಳಿದವರು ನೋಡುವುದೇ?

ಮೊದಲು ಸುಮಿಂತ್ರಾ ಬಳೆ ಹಿಂದಕ್ಕೆ ಸರಿಸಿ
ಕೈಯಿಟ್ಟಳು ತಟ್ಟೆಗೆ. ಆಮೇಲೆ ಮಕ್ಕಳು.
ದರ್ಜಿ ಮೀನಿನ ಮುಳ್ಳನ್ನು ನೂಲಿನಂತೆ
ಬೆರಳ ತುದಿಯಲ್ಲಿ ಎಳೆದ.
ಆಲಿವ್ ಎಣ್ಣೆ ಮುಂಗೈವರೆಗೂ ಇಳಿಯಿತು.

ಕಿಟಕಿಯಾಚೆ, ಅರ್ಧ ಎತ್ತಿ ಬಿಟ್ಟ ಕುಂಡದ ಅಂಚಿನಲ್ಲಿ
ಕಪ್ಪಗೆ ಕುಕ್ಕರಗಾಲಲ್ಲಿ ಕೂತಿತ್ತು ಅದು,
ಎಲ್ಲಿಂದಲೋ ತೆಗೆದ ಕಾಯನ್ನು
ಎರಡೂ ಕೈಯಲ್ಲಿ ಹಿಡಿದು.